ಮುಟ್ಟದೆ ನೋಡಿದ ಹೊಟ್ಟೆ

ನಮ್ಮ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯಲ್ಲಿ ಹೊಟ್ಟೆಯ ಬಗ್ಗೆ ಇರುವಷ್ಟು ಮಾತು ಬೇರೆ ಯಾವ ಅಂಗದ ಬಗ್ಗೆಯೂ ಇರಲಿಕ್ಕಿಲ್ಲ. ಹೊಟ್ಟಿ ಕಡ್ಯಾಕತ್ತೈತಿ, ಹೊಟ್ಟಿ ಉಬ್ಬೈತಿ, ಹೊಟ್ಟಿ ಝಾಡಸಾಕತ್ತೈತಿ, ಬಟ್ಟಿ ಸರದೈತಿ. ಇವು ಬ್ಯಾನಿಯ ಮಾತುಗಳು. ಹೊಟ್ಟಿಗಿಲ್ಲ, ಹೊಟ್ಟಿ ಹೊರೀಬೇಕು, ಹೊಟ್ಟಿಮ್ಯಾಲ ಹೊಡದ್ರು. ಇವು ಬಡತನದ ಮಾತುಗಳು. ಎರಡೂ ಒಂದೇ ಹೊಟ್ಟೆಯ ಮಾತುಗಳೇ. ಆದರೆ ನಮ್ಮ ವೈದ್ಯದ ಚರಿತ್ರೆ ಬರೆದವರು ಮೊದಲನೆಯದನ್ನು ಮಾತ್ರ ಬರೆದರು. ಎರಡನೆಯದು ಅವರ ಕಣ್ಣಿಗೆ ಬೀಳಲಿಲ್ಲ.

ಹಿಂದಿನ ವೈದ್ಯರು ಹೊಟ್ಟೆಯ ಜಡ್ಡಿಗೆ ಏನು ಮಾಡುತ್ತಿದ್ದರು ಎಂದು ಕೇಳಿದರೆ ಎರಡು ಸಿದ್ಧ ಉತ್ತರಗಳಿವೆ. ನಮ್ಮ ಋಷಿಮುನಿಗಳು ಎಲ್ಲವನ್ನೂ ತಿಳಿದಿದ್ದರು ಎನ್ನುವವರು ಒಂದು ಕಡೆ. ಅದೆಲ್ಲ ಮೂಢನಂಬಿಕೆ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಒಂದು ಪ್ರಶ್ನೆಯನ್ನು ಕೇಳುವುದಿಲ್ಲ. ಆ ವೈದ್ಯ ಯಾರ ಹೊಟ್ಟೆ ಮುಟ್ಟಿ ನೋಡಿದ? ಯಾರ ಹೊಟ್ಟೆ ಮುಟ್ಟಲಿಲ್ಲ? ನಾವು ಇಲ್ಲಿ ಆ ಪ್ರಶ್ನೆಯನ್ನೇ ಹಿಡಿದುಕೊಂಡು ಹೊರಟಿದ್ದೇವೆ.

ಮೊದಲು ಗ್ರಂಥಗಳನ್ನೇ ನೋಡೋಣ. ಚರಕ ಸಂಹಿತೆಯ ಪ್ರಕಾರ ಹೊಟ್ಟೆಯಲ್ಲೊಂದು ಬೆಂಕಿ ಇದೆ, ಅದು ಜಠರಾಗ್ನಿ. ಆ ಬೆಂಕಿ ಕೆಲವರಲ್ಲಿ ಮಂದ, ಕೆಲವರಲ್ಲಿ ತೀಕ್ಷ್ಣ, ಕೆಲವರಲ್ಲಿ ಏರುಪೇರು, ಕೆಲವರಲ್ಲಿ ಸಮ. ಅದು ಕೆಟ್ಟರೆ ಅಜೀರ್ಣ, ಅತಿಸಾರ, ಗ್ರಹಣಿ ಹುಟ್ಟುತ್ತವೆ. ಅತಿಸಾರ ಅಂದರೆ ಹೊಟ್ಟೆ ಝಾಡಿಸುವುದು. ಗ್ರಹಣಿ ಅಂದರೆ ತಿಂದದ್ದು ಮೈಗೆ ಹತ್ತದೆ ಒಮ್ಮೆ ಕಟ್ಟಿ ಒಮ್ಮೆ ಸಡಿಲಾಗಿ ತಿಂಗಳುಗಟ್ಟಲೆ ಕಾಡುವ ಜಡ್ಡು. ಇವಕ್ಕೆ ಮೊದಲ ಮದ್ದು ಲಂಘನ, ಅಂದರೆ ಉಪವಾಸ. ಆಮೇಲೆ ತೆಳ್ಳನೆಯ ಗಂಜಿ. ಗ್ರಹಣಿಗೆ ಮಜ್ಜಿಗೆ. ರಕ್ತ ಬೀಳುವ ಭೇದಿಗೆ ಕೊಡಸಿಗದ ತೊಗಟೆ, ಬಿಲ್ವದ ಎಳೆಗಾಯಿ. ಹೊಟ್ಟೆ ಉಬ್ಬರಕ್ಕೆ ಇಂಗು, ಸುಂಠಿ, ಮೆಣಸು, ಹಿಪ್ಪಲಿ, ಓಮ, ಎರಡು ಬಗೆಯ ಜೀರಿಗೆ, ಸೈಂಧವ ಉಪ್ಪು ಕೂಡಿಸಿದ ಹಿಂಗ್ವಾಷ್ಟಕ ಚೂರ್ಣ. ಇದನ್ನು ತುಪ್ಪದಲ್ಲಿ ಕಲಸಿ ಊಟದ ಮೊದಲ ತುತ್ತಿನಲ್ಲಿ ತಿನ್ನಬೇಕು. ಇದು ಇವತ್ತಿಗೂ ಗದಗಿನ ಅಂಗಡಿಗಳಲ್ಲಿ ಸಿಗುವ ಪುಡಿ.

ಇದನ್ನೆಲ್ಲ ನಾವು ಸುಮ್ಮನೆ ತಳ್ಳಿಹಾಕುವುದಿಲ್ಲ. ಕೊಡಸಿಗದ ತೊಗಟೆಯಲ್ಲಿ ಅಮೀಬಾದ ಭೇದಿಯನ್ನು ತಡೆಯುವ ಕೊನೆಸ್ಸಿನ್ ಎಂಬ ಸತ್ವ ಇರುವುದನ್ನು ಆಧುನಿಕ ರಸಾಯನಶಾಸ್ತ್ರವೂ ಕಂಡುಕೊಂಡಿದೆ. ರೋಗ ಬಂದದ್ದು ಹಿಂದಿನ ಜನ್ಮದ ಪಾಪದಿಂದ ಎನ್ನುವ ಕಾಲದಲ್ಲಿ, ಏನು ತಿಂದೆ, ಯಾವಾಗ ತಿಂದೆ, ಮಲ ಹೇಗಿದೆ ಎಂದು ಕೇಳಿದ ವೈದ್ಯ ದೊಡ್ಡ ಕೆಲಸ ಮಾಡಿದ. ಅದಕ್ಕೇ ಅವನ ಮೇಲೆ ಧರ್ಮಶಾಸ್ತ್ರದವರಿಗೆ ಸಿಟ್ಟು. ಮನುಸ್ಮೃತಿ ವೈದ್ಯನ ಮನೆಯ ಅನ್ನವನ್ನು ಕೀವಿಗೆ ಹೋಲಿಸುತ್ತದೆ. ಶ್ರಾದ್ಧದ ಪಂಕ್ತಿಯಲ್ಲಿ ಅವನನ್ನು ಕೂಡಿಸಬಾರದು ಎನ್ನುತ್ತದೆ. ಹೇಲು, ಉಚ್ಚೆ, ಹೆಣ, ರಕ್ತ ಮುಟ್ಟುವವನು ಮೈಲಿಗೆ. ದೇಬಿಪ್ರಸಾದ ಚಟ್ಟೋಪಾಧ್ಯಾಯರು ೧೯೭೭ರಲ್ಲಿ ಪ್ರಾಚೀನ ಭಾರತದ ವಿಜ್ಞಾನ ಮತ್ತು ಸಮಾಜ ಕುರಿತ ತಮ್ಮ ಪುಸ್ತಕದಲ್ಲಿ ಈ ಜಗಳವನ್ನು ಎಳೆಎಳೆಯಾಗಿ ಬಿಡಿಸಿಟ್ಟಿದ್ದಾರೆ.

ದನದ ಮಾಂಸದ ವಿಷಯದಲ್ಲಿ ಈ ಜಗಳ ಇನ್ನೂ ಸ್ಪಷ್ಟ. ಚರಕ ಸಂಹಿತೆಯ ಸೂತ್ರಸ್ಥಾನ ದನದ ಮಾಂಸವನ್ನು ಔಷಧವಾಗಿ ಹೇಳುತ್ತದೆ. ವಾತರೋಗಕ್ಕೆ, ಒಣಕೆಮ್ಮಿಗೆ, ಮೈ ಸೊರಗಿದ್ದಕ್ಕೆ, ಹೊಟ್ಟೆಯ ಬೆಂಕಿ ಅತಿಯಾಗಿ ಉರಿಯುವ ಅತ್ಯಗ್ನಿ ಎಂಬ ಜಡ್ಡಿಗೆ ಅದು ಹಿತ. ಅದೇ ಗ್ರಂಥದ ಅತಿಸಾರದ ಅಧ್ಯಾಯದಲ್ಲಿ ಬೇರೆ ಕತೆ: ಪೃಷಧ್ರ ಎಂಬ ರಾಜನ ಯಜ್ಞದಲ್ಲಿ ಬೇರೆ ಪ್ರಾಣಿ ಸಿಗದೆ ಹಸುಗಳನ್ನು ಕಡಿದರು, ಅದನ್ನು ತಿಂದವರ ಹೊಟ್ಟೆ ಕೆಟ್ಟು ಅತಿಸಾರ ಮೊದಲ ಬಾರಿಗೆ ಹುಟ್ಟಿತು. ಒಂದೇ ಪುಸ್ತಕದಲ್ಲಿ ಒಂದು ಕಡೆ ಮದ್ದು, ಇನ್ನೊಂದು ಕಡೆ ಜಡ್ಡಿನ ಮೂಲ! ಅನುಭವದಿಂದ ಬರೆದ ಕೈ ಒಂದಾದರೆ ಧರ್ಮಕ್ಕೆ ಅಂಜಿ ಬರೆದ ಕೈ ಇನ್ನೊಂದು ಎಂದು ನಮಗೆ ತೋರುತ್ತದೆ. ನಮ್ಮ ಕೇರಿಯ ಊಟವನ್ನು ಹೊಲಸು ಎನ್ನುವವರು ಮೊದಲು ಈ ಎರಡೂ ಅಧ್ಯಾಯಗಳನ್ನು ಓದಲಿ.

ಇನ್ನು ಮುಖ್ಯ ಮಾತಿಗೆ ಬರೋಣ. ರೋಗಿಯನ್ನು ಪರೀಕ್ಷಿಸುವ ದಾರಿ ಮೂರು ಎಂದು ಚರಕ ಸಂಹಿತೆ ಹೇಳುತ್ತದೆ: ಕಣ್ಣಿಂದ ನೋಡುವುದು, ಕೈಯಿಂದ ಮುಟ್ಟುವುದು, ಬಾಯಿಂದ ಕೇಳುವುದು. ದರ್ಶನ, ಸ್ಪರ್ಶನ, ಪ್ರಶ್ನ. ನಾಡಿ ಹಿಡಿಯುವ ಪದ್ಧತಿ ಆಮೇಲಿನದು, ಶಾರ್ಙ್ಗಧರ ಸಂಹಿತೆಯ ಕಾಲದಿಂದ ಅದು ಬಳಕೆಗೆ ಬಂತು. ಅದೂ ಮುಟ್ಟುವುದೇ. ಅದರಲ್ಲೂ ಹೊಟ್ಟೆಯನ್ನು ಮುಟ್ಟದೆ ತಿಳಿಯುವುದು ಸಾಧ್ಯವೇ ಇಲ್ಲ. ಗಡ್ಡೆ ಇದೆಯೋ, ನೀರು ತುಂಬಿದೆಯೋ, ಗಾಳಿ ತುಂಬಿದೆಯೋ, ಒತ್ತಿದರೆ ಎಲ್ಲಿ ನೋಯುತ್ತದೆ - ಇದನ್ನು ಬೆರಳೇ ಹೇಳಬೇಕು. ಹಾಗಾದರೆ ಮುಟ್ಟಬಾರದವರ ಹೊಟ್ಟೆಯ ಗತಿ ಏನು?

ಸುಶ್ರುತ ಸಂಹಿತೆ ಇದಕ್ಕೆ ನೇರವಾಗಿಯೇ ಉತ್ತರ ಕೊಡುತ್ತದೆ. ಬಡವರಿಗೆ, ಅನಾಥರಿಗೆ, ಸಾಧುಗಳಿಗೆ ನಿನ್ನ ಸ್ವಂತ ಬಂಧುಗಳೆಂದು ತಿಳಿದು ನಿನ್ನದೇ ಔಷಧದಿಂದ ಉಪಚಾರ ಮಾಡು ಎಂದು ವೈದ್ಯನಿಗೆ ಬೋಧಿಸುತ್ತದೆ. ಎಷ್ಟು ಒಳ್ಳೆಯ ಮಾತು! ಅದರ ಬೆನ್ನಿಗೇ, ಬೇಟೆಗಾರನಿಗೆ, ಹಕ್ಕಿ ಹಿಡಿಯುವವನಿಗೆ, ಪತಿತನಿಗೆ, ಪಾಪ ಮಾಡಿದವನಿಗೆ ಚಿಕಿತ್ಸೆ ಮಾಡಬೇಡ ಎನ್ನುತ್ತದೆ. ಗದಗ-ಬೆಟಗೇರಿಯ ಸೆಟ್ಲಮೆಂಟಿನಲ್ಲಿ ಇವತ್ತಿಗೂ ಹರಣಶಿಕಾರಿ ಜನ ಇದ್ದಾರೆ. ಅವರ ಹೆಸರಿನಲ್ಲೇ ಬೇಟೆ ಇದೆ. ಸುಶ್ರುತನ ಪಟ್ಟಿಯಲ್ಲಿ ಅವರ ಹಿರಿಯರು ಮೊದಲ ಸಾಲಿನಲ್ಲಿ ನಿಂತಿದ್ದಾರೆ. ಕಲಿಯುವ ವಿಷಯದಲ್ಲೂ ಇದೇ. ಮೇಲಿನ ಮೂರು ವರ್ಣದವರಿಗೆ ಪೂರ್ತಿ ವಿದ್ಯೆ. ಶೂದ್ರನಿಗೆ ಮಂತ್ರವಿಲ್ಲದೆ, ಉಪನಯನವಿಲ್ಲದೆ ಕಲಿಸಬಹುದು ಎಂದು ಕೆಲವರ ಮತ. ಶೂದ್ರನಿಗಿಂತ ಕೆಳಗೆ ತಳ್ಳಲ್ಪಟ್ಟವರ ಸುದ್ದಿಯೇ ಇಲ್ಲ.

ಆದರೆ ಗಿಡಮೂಲಿಕೆಯ ವಿದ್ಯೆ ಎಲ್ಲಿಂದ ಬಂತು? ಇದನ್ನೂ ಚರಕ ಸಂಹಿತೆಯೇ ಒಪ್ಪಿಕೊಳ್ಳುತ್ತದೆ. ಆಡು ಕಾಯುವವರು, ಕುರಿ ಕಾಯುವವರು, ದನ ಕಾಯುವವರು, ಕಾಡಿನಲ್ಲಿ ಇರುವವರು - ಇವರು ಗಿಡಗಳ ಹೆಸರು ಬಲ್ಲರು, ರೂಪ ಬಲ್ಲರು ಎನ್ನುತ್ತದೆ. ಅವುಗಳನ್ನು ಬಳಸುವ ಬಗೆಯನ್ನು ಮಾತ್ರ ತಜ್ಞನೇ ಬಲ್ಲ ಎಂದು ಸೇರಿಸುತ್ತದೆ. ಗದಗ, ಮುಂಡರಗಿ, ಶಿರಹಟ್ಟಿಗಳ ನಡುವೆ ಹಬ್ಬಿದ ಕಪ್ಪತಗುಡ್ಡವನ್ನು ಕಂಡವರಿಗೆ ಈ ಮಾತು ತಟ್ಟನೆ ಅರ್ಥವಾಗುತ್ತದೆ. ಔಷಧಿ ಸಸ್ಯಗಳಿಗೆ ಹೆಸರಾದ ಗುಡ್ಡ ಅದು. ಭೇದಿಗೆ ಯಾವ ತೊಪ್ಪಲು, ಮಲ ಕಟ್ಟಿದರೆ ಯಾವ ಕಾಯಿ ಎಂದು ಅಲ್ಲಿ ಕುರಿ ಮೇಯಿಸುವವನಿಗೆ ಗೊತ್ತಿದೆ. ಅವನಿಂದ ಗಿಡ ಪಡೆದವರು ಪಂಡಿತರಾದರು, ಅವನು ಕುರಿ ಕಾಯುತ್ತಲೇ ಉಳಿದ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತೇವೆ. ಗಿಡದ ಹೆಸರು ಸಂಸ್ಕೃತಕ್ಕೆ ಹೋದ ಕೂಡಲೇ ಅದು ಮದ್ದಾಗಿಬಿಡುತ್ತದೆ.

ಇಷ್ಟೇ ನಮ್ಮ ಚರಿತ್ರೆಯಾಗಿದ್ದರೆ ಹೇಳಲು ಬೇರೇನೂ ಇರುತ್ತಿರಲಿಲ್ಲ. ಬೇರೆ ದಾರಿಗಳೂ ಈ ಮಣ್ಣಿನಲ್ಲಿ ಇದ್ದವು. ಇವತ್ತಿನ ಲಕ್ಷ್ಮೇಶ್ವರ ಅಂದಿನ ಪುಲಿಗೆರೆ, ಶಂಖಬಸದಿ ಇರುವ ಊರು, ಜೈನರ ದೊಡ್ಡ ನೆಲೆ. ಅನ್ನ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಔಷಧವನ್ನೂ ಸೇರಿಸಿದವರು ಜೈನರು. ಒಂಬತ್ತನೇ ಶತಮಾನದಲ್ಲಿ ಉಗ್ರಾದಿತ್ಯ ಸಂಸ್ಕೃತದಲ್ಲಿ 'ಕಲ್ಯಾಣಕಾರಕ' ಬರೆದ. ಮಾಂಸವಿಲ್ಲದೆಯೇ ಚಿಕಿತ್ಸೆ ಮಾಡಬಹುದು ಎಂದು ನೃಪತುಂಗನ ಸಭೆಯಲ್ಲಿ ವಾದಿಸಿದ. ಹನ್ನೆರಡನೇ ಶತಮಾನದ ಹೊತ್ತಿಗೆ ಜಗದ್ದಳ ಸೋಮನಾಥ ಪೂಜ್ಯಪಾದನ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದು 'ಕರ್ಣಾಟಕ ಕಲ್ಯಾಣಕಾರಕ' ಮಾಡಿದ. ಈ ಮಾಂಸ ಬಿಟ್ಟ ವೈದ್ಯ ನಮ್ಮ ಕೇರಿಯ ಊಟಕ್ಕೆ ದೂರವೇ. ಆದರೂ ವೈದ್ಯ ಕನ್ನಡದಲ್ಲಿ ಮಾತಾಡಿದ್ದು ಸಣ್ಣ ಕೆಲಸವಲ್ಲ.

೧೧೬೨ರ ಬಳ್ಳಿಗಾವೆಯ ಶಾಸನ ಅಲ್ಲಿಯ ಕೋಡಿಮಠದಲ್ಲಿ ದೀನರು, ಕುಂಟರು, ಕುರುಡರು, ಕಿವುಡರಿಗೆ ಅನ್ನ, ರೋಗಿಗಳಿಗೆ ಔಷಧ ಕೊಡುತ್ತಿದ್ದುದನ್ನು ಹೇಳುತ್ತದೆ. ಅದೇ ಕಾಲದ ಶರಣರ ನಡುವೆ ವೈದ್ಯ ಸಂಗಣ್ಣ ಇದ್ದ, ಕಾಯಕದಿಂದ ವೈದ್ಯ. ಶ್ರಾದ್ಧದ ಪಂಕ್ತಿಯಿಂದ ಮನು ಹೊರಗೆ ಹಾಕಿದವನು ಇಲ್ಲಿ ಸಮಗಾರ ಹರಳಯ್ಯನ ಸಾಲಿನ ಶರಣನಾದ. ವೈದ್ಯದ ಮಾತುಗಳನ್ನೇ ಹಿಡಿದು ವಚನ ಬರೆದ.

ನಮಗೆ ಎಲ್ಲಕ್ಕಿಂತ ಹತ್ತಿರವಾದದ್ದು ಮುಂಡರಗಿ ತಾಲೂಕಿನ ಡಂಬಳ. ಅಲ್ಲಿಯ ೧೦೯೫ರ ಶಾಸನ ಬೌದ್ಧ ವಿಹಾರಕ್ಕೆ, ತಾರಾದೇವಿಗೆ ಕೊಟ್ಟ ದಾನವನ್ನು ದಾಖಲಿಸಿದೆ. ಅಂದರೆ ಒಂಬೈನೂರು ವರ್ಷಗಳ ಹಿಂದೆ ನಮ್ಮ ಈ ಎರೆನೆಲದಲ್ಲಿ ಬುದ್ಧನ ಮಾತು ಕೇಳುವವರು ಇದ್ದರು. ಬುದ್ಧನ ಮಾತಿಗೂ ಹೊಟ್ಟೆಯ ಜಡ್ಡಿಗೂ ಏನು ಸಂಬಂಧ? ವಿನಯಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಒಬ್ಬ ಭಿಕ್ಷುವಿಗೆ ಭೇದಿ ಹತ್ತಿ ತನ್ನ ಹೊಲಸಿನಲ್ಲಿ ತಾನೇ ಬಿದ್ದಿದ್ದ. ಉಳಿದ ಭಿಕ್ಷುಗಳು ಯಾರೂ ಅವನನ್ನು ನೋಡಿಕೊಳ್ಳಲಿಲ್ಲ. ಬುದ್ಧ ಆನಂದನಿಂದ ನೀರು ತರಿಸಿದ. ಬುದ್ಧ ನೀರು ಹೊಯ್ದ, ಆನಂದ ತೊಳೆದ. ಒಬ್ಬರು ತಲೆಯ ಕಡೆ, ಒಬ್ಬರು ಕಾಲಿನ ಕಡೆ ಹಿಡಿದು ಎತ್ತಿ ಹಾಸಿಗೆಯ ಮೇಲೆ ಮಲಗಿಸಿದರು. ನನ್ನ ಸೇವೆ ಮಾಡಬೇಕು ಎನ್ನುವವನು ರೋಗಿಯ ಸೇವೆ ಮಾಡಲಿ ಎಂಬುದು ಅಂದು ಅವನು ಹೇಳಿದ ಮಾತಿನ ಅರ್ಥ. ಅದೇ ಗ್ರಂಥದಲ್ಲಿ ಜೀವಕನ ಕತೆ ಬರುತ್ತದೆ. ಸಾಲಾವತಿ ಎಂಬ ಗಣಿಕೆಯ ಮಗ, ಹುಟ್ಟಿದೊಡನೆ ತಿಪ್ಪೆಗೆ ಎಸೆಯಲ್ಪಟ್ಟವ. ಅವನು ವೈದ್ಯನಾಗಿ, ಕರುಳು ಗಂಟುಬಿದ್ದ ಕಾಶಿಯ ಶೆಟ್ಟಿಯ ಮಗನ ಹೊಟ್ಟೆ ಸೀಳಿ, ಗಂಟು ಬಿಡಿಸಿ, ಮತ್ತೆ ಹೊಲಿದು ಬದುಕಿಸಿದ ಎಂದು ಕತೆ. ತಿಪ್ಪೆಯಲ್ಲಿ ಸಿಕ್ಕವನ ಕೈ ಶೆಟ್ಟಿಯ ಮಗನ ಕರುಳನ್ನು ಮುಟ್ಟಿತು!

ಆಮೇಲೆ ಯುನಾನಿ ಬಂತು. ಲಕ್ಷ್ಮೇಶ್ವರದ ಸೀಮೆ ಬಿಜಾಪುರದ ಆದಿಲಶಾಹಿಗಳ ಕೆಳಗೆ ಬಂದಿತು. ಆ ದರಬಾರಿನ ಚರಿತ್ರೆಕಾರ ಫೆರಿಸ್ತಾ ನಮ್ಮ ದೇಶದ ವೈದ್ಯವನ್ನು ಪಾರಸಿಯಲ್ಲಿ ಬರೆದಿಟ್ಟ. 'ದಸ್ತೂರ್-ಉಲ್-ಅತಿಬ್ಬಾ' ಅದರ ಹೆಸರು. ಹಕೀಮರು ಹೊಟ್ಟೆಗೆ ಕೊಡುವ ಲೇಹಕ್ಕೆ ಜವಾರಿಶ್ ಎಂದು ಹೆಸರು; ಜೀರಿಗೆಯದು, ಸುಂಠಿಯದು ಹೀಗೆ ಹಲವು ಬಗೆ. ಇಂಗು ಕೂಡ ಪಾರಸಿ, ಅಫಘಾನ ನಾಡುಗಳಿಂದ ಬರುವ ಸರಕೇ. ಶಿರಹಟ್ಟಿಯ ಫಕೀರೇಶ್ವರ ಮಠದಲ್ಲಿ ಹಿಂದೂ ಯಾರು, ಮುಸಲ್ಮಾನ ಯಾರು ಎಂದು ಹೇಗೆ ಬೇರ್ಪಡಿಸಲಾಗದೋ, ನಮ್ಮ ಹೊಟ್ಟೆಯ ಮದ್ದಿನಲ್ಲೂ ಹಾಗೆಯೇ.

ಹಾಗಾದರೆ ಕೇರಿಯಲ್ಲಿ ಏನು ನಡೆಯುತ್ತಿತ್ತು? ಅದನ್ನು ಯಾವ ಶಾಸನವೂ ಬರೆದಿಲ್ಲ. ನಮ್ಮ ಹಿರಿಯರ ಬಾಯಿಂದ ಕೇಳಿದ್ದನ್ನು ಹೇಳುತ್ತೇವೆ. ಹೊಟ್ಟಿಬ್ಯಾನಿ ಬಂದರೆ ಮೊದಲ ವೈದ್ಯಳು ಮನೆಯ ಮುದುಕಿ. ಓಮು ಅಗಿಸುವುದು, ಬಜಿ ತೇಯ್ದು ಕೂಸಿಗೆ ನೆಕ್ಕಿಸುವುದು, ದಾಳಿಂಬರ ಸಿಪ್ಪಿ ಕುದಿಸಿ ಕುಡಿಸುವುದು, ಹರಳೆಣ್ಣಿ ಹಚ್ಚಿ ಹೊಟ್ಟೆ ನೀವುವುದು. ಬಟ್ಟಿ ಸರಿದರೆ ಬೆರಳಿಂದ ಹೊಕ್ಕಳ ಸುತ್ತ ಒತ್ತಿ ನೋಡಿ ಕೂಡಿಸುವುದು. ಸೂಲಗಿತ್ತಿಯೂ ಅವಳೇ. ಅವಳು ಯಾರನ್ನೂ ಮುಟ್ಟದೆ ಇರಲಿಲ್ಲ. ಊರ ಗೌಡನ ಸೊಸೆಗೆ ನಡುರಾತ್ರಿ ಹೆರಿಗೆಬ್ಯಾನಿ ಬಂದರೆ ಕೇರಿಯ ಮುದುಕಿ ಒಳಮನೆಗೆ ಹೋಗಿ ಕೂಸನ್ನು ಹೊರತೆಗೆಯುತ್ತಿದ್ದಳು. ಬೆಳಗಾದ ಮೇಲೆ ಅವಳು ನಿಂತ ಜಾಗಕ್ಕೆ ಸೆಗಣಿನೀರು ಹೊಡೆಯುತ್ತಿದ್ದರು.

ಅದೇ ಮುದುಕಿ ತನ್ನ ಮೊಮ್ಮಗನ ಭೇದಿ ನಿಲ್ಲದೆ ಹೋದಾಗ ಊರ ವೈದ್ಯರ ಮನೆಗೆ ಹೋದರೆ? ಕಟ್ಟೆಯ ಕೆಳಗೆ ನಿಲ್ಲಬೇಕು. "ಯಪ್ಪಾ, ಕೂಸಿನ ಹೊಟ್ಟಿ ನಿಲ್ಲವಲ್ದು, ಒಂದೀಟ ನೋಡ್ರಿ." ಮೇಲಿನಿಂದ ಪ್ರಶ್ನೆ: "ಏನ್ ತಿನ್ಸಿದಿ? ಎಷ್ಟ್ ದಿನಾ ಆತು?" ನೋಡುವುದಾಯಿತು, ಕೇಳುವುದಾಯಿತು. ಮುಟ್ಟುವುದು ಮಾತ್ರ ಆಗಲಿಲ್ಲ. ಪುಡಿಯ ಪೊಟ್ಟಣ ಕಟ್ಟೆಯ ಮೇಲೆ ಬಿತ್ತು. "ಮಜ್ಜಿಗ್ಯಾಗ ಕೊಡು, ಎರಡ್ ದಿನಾ ಏನೂ ಹಾಕಬ್ಯಾಡ." ಮಜ್ಜಿಗೆ ಎಲ್ಲಿಂದ ತರಬೇಕು? ಇನ್ನೊಂದು ಮನೆಯ ಬಾಗಿಲಲ್ಲಿ ನಿಂತು, ಮೇಲಿನಿಂದ ಸುರಿದದ್ದನ್ನು ಹಿಡಿದು ತರಬೇಕು. ಎರಡು ದಿನ ಏನೂ ಹಾಕದೆ ಇರುವುದಂತೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ಲಂಘನ ಎಂಬುದು ಹೆಚ್ಚು ತಿಂದವರಿಗೆ ಹುಟ್ಟಿದ ಮದ್ದು. ವರ್ಷಕ್ಕೆ ಆರು ತಿಂಗಳು ಲಂಘನದಲ್ಲೇ ಇರುವವನಿಗೆ ಯಾವ ಸಂಹಿತೆ ಬರೆಯಬೇಕಿತ್ತು?

ಇದು ನಮ್ಮ ಊರಿನ ಕತೆ ಮಾತ್ರವಲ್ಲ. ಕಾಠಿಯಾವಾಡದ ಒಬ್ಬ ದಲಿತ ಮಾಸ್ತರರ ಪತ್ರ ೧೯೨೯ರ ಡಿಸೆಂಬರ ೧೨ರ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾಯಿತು. ಬಾಬಾಸಾಹೇಬ ಅಂಬೇಡ್ಕರರು ಅದನ್ನು ತಮ್ಮ ಬರಹದಲ್ಲಿ ಎತ್ತಿಕೊಂಡಿದ್ದಾರೆ. ಬಾಣಂತಿ ಹೆಂಡತಿಗೆ ಜಡ್ಡಾಯಿತು. ಕೇರಿಗೆ ಬರುವುದಿಲ್ಲ ಎಂದ ಡಾಕ್ಟರ, ಅವಳನ್ನು ಹೊರಗೆ ತರಿಸಿ, ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ. ಅವನು ಗಂಡನಿಗೆ ಕೊಟ್ಟ, ಗಂಡ ಹೆಂಡತಿಗೆ ಕೊಟ್ಟ. ಅದೇ ದಾರಿಯಲ್ಲಿ ತಿರುಗಿ ಬಂತು. ಅವಳು ಸತ್ತಳು. ಚರಕನ ಮೂರು ಪರೀಕ್ಷೆಗಳಲ್ಲಿ ಒಂದನ್ನು ಜಾತಿ ಕತ್ತರಿಸಿ ಹಾಕಿತ್ತು. ಇಂಗ್ಲಿಷ್ ವೈದ್ಯ ಕಲಿತ ಮೇಲೂ ಅದು ಕೂಡಿಕೊಳ್ಳಲಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ತಪ್ಪನ್ನೂ ಹೇಳಬೇಕು. ಜಾನಪದ ಅಂದಕೂಡಲೇ ಕೈಮುಗಿಯುವುದು ಬೇಡ. ಹೊಟ್ಟೆ ಉಬ್ಬಿದ ಕೂಸಿಗೆ ಕಾದ ಕಬ್ಬಿಣದಿಂದ, ಸುಟ್ಟ ಬಳೆಚೂರಿನಿಂದ ಬರೆ ಹಾಕಿದವರೂ ನಮ್ಮವರೇ. ಅದರಿಂದ ಕೂಸುಗಳು ಬದುಕಲಿಲ್ಲ, ಕೀವಾಗಿ ಸತ್ತವು. ಭೇದಿಯಾಗುವ ಕೂಸಿಗೆ ನೀರು ಕೊಡಬಾರದು ಎಂದು ಬಾಯಿ ಒಣಗಿಸಿದವರೂ ಇದ್ದಾರೆ. ವಾಂತಿಭೇದಿ ಬಂದರೆ ದುರ್ಗವ್ವನ ಸಿಟ್ಟು ಎಂದು ಸಾಲ ಮಾಡಿ ಕೋಣ ಕಡಿದವರೂ ಇದ್ದಾರೆ. ವೈದ್ಯ ಕಟ್ಟೆಯಿಂದ ಇಳಿಯದ ಕಡೆ ದೇವರು, ದೆವ್ವ, ಬರೆ ಬಂದು ಕೂಡುವುದು ಸಹಜ. ಸಹಜ ಎಂದು ಅದನ್ನು ಸರಿ ಎನ್ನಲಾಗದು.

ಕಾಲರಾ ಬಂದಾಗ ದೊಡ್ಡ ದೊಡ್ಡ ಡಾಕ್ಟರರ ವಿದ್ಯೆಯೂ ಬಯಲಾಯಿತು. ಹತ್ತೊಂಬತ್ತನೇ ಶತಮಾನದ ಬ್ರಿಟಿಷ್ ಡಾಕ್ಟರರು ಕಾಲರಾ ರೋಗಿಯ ರಕ್ತ ತೆಗೆದರು, ಪಾದರಸದ ಕ್ಯಾಲೊಮೆಲ್ ಕೊಟ್ಟರು, ಅಫೀಮು ಕುಡಿಸಿದರು. ಮೈಯಲ್ಲಿ ನೀರೇ ಇಲ್ಲದವನ ರಕ್ತ ತೆಗೆಯುವುದೆಂದರೆ! ನಮ್ಮ ಮುದುಕಿಯ ಬರೆಗಿಂತ ಇದು ಯಾವುದರಲ್ಲಿ ಮೇಲು?

೧೮೭೬-೭೮ರಲ್ಲಿ ಧಾತು-ಈಶ್ವರ ಸಂವತ್ಸರಗಳ ಬರ ಬಂತು. ಆಗ ಗದಗ, ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿ, ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿ, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ ಇದ್ದವು. ಆಳುವವರು ಮೂವರಾದರೂ ಹಸಿವು ಒಂದೇ. ೧೮೭೨ರಿಂದ ೧೮೮೧ರ ನಡುವೆ ಧಾರವಾಡ ಜಿಲ್ಲೆಯ ಜನಸಂಖ್ಯೆ ಸುಮಾರು ಒಂದು ಲಕ್ಷ ಕಡಿಮೆಯಾಯಿತು. ತುಂಗಭದ್ರೆಯ ಆಚೆ ದಂಡೆಯ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತದ್ದು. ಅಲ್ಲಿ ೧೮೭೭ರಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಪರಿಹಾರ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಕಾಳಿಗೆ ಇಳಿಸಿದ. ಅದರ ಮೇಲೆ ಒಂದಿಷ್ಟು ಚಿಲ್ಲರೆ. ಇಷ್ಟರಲ್ಲಿ ದುಡಿಯುವವನು ಬದುಕಲಾರ ಎಂದು ಪ್ರಾಂತದ ಆರೋಗ್ಯಾಧಿಕಾರಿ ಡಾಕ್ಟರ ಕಾರ್ನಿಶ್ ಜಗಳ ಮಾಡಿದ. ಬರದ ಶಿಬಿರಗಳಲ್ಲಿ ಭೇದಿಯಿಂದ ಸತ್ತವರ ಹೆಣಗಳನ್ನು ಕೊಯ್ದು ನೋಡಿದ ಮದ್ರಾಸಿನ ಡಾಕ್ಟರ ಅಲೆಕ್ಸಾಂಡರ್ ಪೋರ್ಟರ್ ೧೮೮೯ರಲ್ಲಿ ಪುಸ್ತಕ ಬರೆದ. ಹಸಿವಿನಿಂದ ಕರುಳೇ ಸವೆದು ತೆಳ್ಳಗಾಗಿತ್ತು. ಆಮೇಲೆ ಅನ್ನ ಸಿಕ್ಕರೂ ಅರಗಿಸಿಕೊಳ್ಳುವ ಶಕ್ತಿ ಅದಕ್ಕೆ ಉಳಿದಿರಲಿಲ್ಲ. ಹೊಟ್ಟಿಗಿಲ್ಲ ಎಂಬ ಮಾತೂ ಹೊಟ್ಟಿ ಝಾಡಸಾಕತ್ತೈತಿ ಎಂಬ ಮಾತೂ ಇಲ್ಲಿ ಒಂದಾದವು. ಈ ಜಡ್ಡಿಗೆ ಹಿಂಗ್ವಾಷ್ಟಕವೂ ಮದ್ದಲ್ಲ, ಜವಾರಿಶೂ ಮದ್ದಲ್ಲ.

ಬೆಟಗೇರಿಗೆ ಬಾಸೆಲ್ ಮಿಶನ್ನಿನವರು ೧೮೪೧ರಲ್ಲೇ ಬಂದಿದ್ದರು. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿ ಅವರ ಆಸ್ಪತ್ರೆ ಎದ್ದಿತು. ಅವರ ಉದ್ದೇಶ ಮತಾಂತರ ಎನ್ನುವವರಿಗೆ ನಾವು ಒಂದೇ ಪ್ರಶ್ನೆ ಕೇಳುತ್ತೇವೆ: ಅದಕ್ಕೂ ಮೊದಲು ನೀವು ಯಾಕೆ ಹೊಟ್ಟೆ ಮುಟ್ಟಿ ನೋಡಲಿಲ್ಲ?

ಕಾಲರಾ ಬರುವುದು ನೀರಿನಿಂದ ಎಂದು ಜಾನ್ ಸ್ನೋ ೧೮೫೪ರಲ್ಲಿ ಲಂಡನ್ನಿನಲ್ಲಿ ತೋರಿಸಿದ. ಅದರ ಮದ್ದೂ ನೀರಿನಲ್ಲೇ ಇದೆ ಎಂಬುದು ಗಟ್ಟಿಯಾಗಲು ಇನ್ನೂ ನೂರು ವರ್ಷ ಮೇಲೆ ಹಿಡಿಯಿತು. ೧೯೭೧ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಸಲೈನ್ ಬಾಟಲಿ ಮುಗಿದುಹೋದಾಗ ಡಾಕ್ಟರ ದಿಲೀಪ ಮಹಲನಾಬಿಸ್ ಉಪ್ಪು, ಗ್ಲೂಕೋಸ್, ಸೋಡಾ ಕಲಸಿದ ನೀರನ್ನು ಡ್ರಮ್ಮಿನಲ್ಲಿ ತುಂಬಿ ರೋಗಿಗಳ ಮನೆಯವರ ಕೈಗೇ ಕೊಟ್ಟರು. ನೂರಕ್ಕೆ ಮೂವತ್ತು ಸಾಯುತ್ತಿದ್ದ ಕಡೆ ನಾಲ್ಕಕ್ಕಿಂತ ಕಡಿಮೆ ಸತ್ತರು. ಸಾವಿರಾರು ವರ್ಷ ವೈದ್ಯರು ಹುಡುಕಿದ ಮದ್ದು ಚಿಟಿಕೆ ಉಪ್ಪು, ಹಿಡಿ ಸಕ್ಕರೆ, ಶುದ್ಧ ನೀರು. ಅದನ್ನು ಕುಡಿಸಲು ಪಂಡಿತ ಬೇಕಾಗಿಲ್ಲ, ತಾಯಿ ಸಾಕು.

ಆದರೆ ಶುದ್ಧ ನೀರು ಎಲ್ಲಿದೆ? ಸಾರ್ವಜನಿಕ ಬಾವಿ, ಕೆರೆ ಎಲ್ಲರಿಗೂ ತೆರೆದಿರಬೇಕೆಂಬ ಬೋಳೆಯವರ ಠರಾವನ್ನು ಮುಂಬಯಿ ಶಾಸನಸಭೆ ೧೯೨೩ರಲ್ಲಿ ಒಪ್ಪಿತು. ಗದಗ, ಮುಂಡರಗಿ ಆ ಮುಂಬಯಿ ಪ್ರಾಂತದಲ್ಲೇ ಇದ್ದವು. ಠರಾವು ಕಾಗದದಲ್ಲಿ ಉಳಿಯಿತು. ಅದಕ್ಕೇ ೧೯೨೭ರ ಮಾರ್ಚ ೨೦ರಂದು ಬಾಬಾಸಾಹೇಬರು ಮಹಾಡದ ಚವದಾರ ಕೆರೆಗೆ ಇಳಿದು ನೀರು ಕುಡಿಯಬೇಕಾಯಿತು. ನಾವು ಅದನ್ನು ಮಾನದ ಹೋರಾಟ ಎನ್ನುತ್ತೇವೆ. ಅದು ಹೊಟ್ಟೆಯ ವೈದ್ಯವೂ ಹೌದು. ಊರ ಬಾವಿ ಮುಚ್ಚಿದ ಮೇಲೆ ಕೇರಿಯವರು ಕುಡಿದದ್ದು ದನ ಇಳಿಯುವ ಹಳ್ಳದ ನೀರು. ಕೇರಿಯ ಭೇದಿ ಬಂದದ್ದು ಅಲ್ಲಿಂದ. ಇನ್ನೊಬ್ಬರ ಹೊಲಸು ಹೊರುವ ಕೆಲಸವನ್ನೂ ಅವರ ತಲೆಗೇ ಕಟ್ಟಲಾಯಿತು. ೨೦೧೦ರಲ್ಲಿ ಲಕ್ಷ್ಮೇಶ್ವರದ ನೆರೆಯ ಸವಣೂರಿನಲ್ಲಿ ಮಲ ಬಳಿಯುವ ಕುಟುಂಬದವರು ಮಲವನ್ನೇ ಮೈಮೇಲೆ ಸುರಿದುಕೊಂಡು ಪ್ರತಿಭಟಿಸಿದ್ದು ನಮಗೆಲ್ಲ ನೆನಪಿದೆ. ಊರ ಹೊಟ್ಟೆಯನ್ನು ಜಡ್ಡಿನಿಂದ ಕಾಪಾಡಿದ ಕೈಗಳು ಅವು. ಅವರನ್ನು ಯಾರು ವೈದ್ಯರು ಅಂದರು?

ಕಪ್ಪತಗುಡ್ಡವನ್ನು ೨೦೧೯ರಲ್ಲಿ ವನ್ಯಜೀವಿಧಾಮ ಮಾಡಿದ್ದಾರೆ. ಗಣಿಯಿಂದ ಅದನ್ನು ಉಳಿಸಲು ಈ ಸೀಮೆಯ ಜನ ಬೀದಿಗಿಳಿದದ್ದರ ಫಲ ಅದು. ಗುಡ್ಡ ಉಳಿದರೆ ಗಿಡ ಉಳಿದೀತು. ಗಿಡವನ್ನು ಬಲ್ಲವರ ಮಾತು ಉಳಿಯಬೇಕಾದರೆ ನಾವು ಕೆಲಸ ಮಾಡಬೇಕು. ಹಳ್ಳಿಯ ಮಾಸ್ತರರಿಗೆ, ಅಕ್ಕೋರಿಗೆ ನಮ್ಮದೊಂದು ವಿನಂತಿ. ನಿಮ್ಮ ಶಾಲೆಯ ಹುಡುಗರನ್ನು ಅವರವರ ಅಜ್ಜಿಯರ ಹತ್ತಿರ ಕಳಿಸಿರಿ. ಹೊಟ್ಟಿಬ್ಯಾನಿಗೆ ಏನು ಕೊಡುತ್ತಿದ್ದರು, ನೀರು ಎಲ್ಲಿಂದ ತರುತ್ತಿದ್ದರು, ಊರ ವೈದ್ಯ ಅವರನ್ನು ಮುಟ್ಟುತ್ತಿದ್ದನೋ ಇಲ್ಲವೋ, ಮೂರನ್ನೂ ಕೇಳಿ ಬರೆದುಕೊಂಡು ಬರಲಿ. ಮೊದಲನೆಯ ಉತ್ತರವನ್ನಷ್ಟೇ ಬರೆದುಕೊಂಡರೆ ಮತ್ತೊಂದು ಮನೆಮದ್ದಿನ ಪುಸ್ತಕವಾಗುತ್ತದೆ. ಮೂರನ್ನೂ ಬರೆದುಕೊಂಡರೆ ನಮ್ಮ ಚರಿತ್ರೆಯಾಗುತ್ತದೆ.